ಚೆರಿ ಅಂದರೆ ಯಾವುದು?

ಬಣಕಲ್ ಹತ್ತಿರ ಬಸ್ಸು ನಿಧಾನವಾದಾಗ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಕಾಫಿ ಹಣ್ಣಿನ ಸಿಪ್ಪೆ ರಾಶಿ ಬಿದ್ದು ಹುಳಿಯುವಾಗ ಬರುವ ವಾಸನೆ. ಕೆಟ್ಟ ಬೆಲ್ಲ, ಹಸಿ ಮಣ್ಣು, ಕೊಂಚ ಹೆಂಡ, ಮೂರೂ ಸೇರಿದಂತಿರುತ್ತದೆ. ಮುಂದಿನ ಸೀಟಿನ ಪ್ರವಾಸಿ ಹೆಂಗಸು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, “ಇಲ್ಲೇನೋ ಸತ್ತು ಬಿದ್ದಿದೆ” ಎಂದು ಗಂಡನಿಗೆ ಹೇಳಿದಳು. ನನಗೆ ಸಣ್ಣಗೆ ಸಿಟ್ಟು ಬಂತು. ಏನೂ ಸತ್ತಿಲ್ಲ ತಾಯಿ, ಕೊಯ್ಲು ಶುರುವಾಗಿದೆ ಅಷ್ಟೆ ಎಂದು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ನನ್ನ ಮನಸ್ಸು ಗೋಣಿಬೀಡಿನ ಆಚೆಯ ಒಂದು ಪಲ್ಪರ್ ಮನೆಗೆ ಹೋಗಿಬಿಟ್ಟಿತ್ತು. ಕಳಸದಲ್ಲಿ ನೆಂಟರ ಮದುವೆ ಮುಗಿಸಿ ನಾನು ಹೊರಟಿದ್ದೂ ಅಲ್ಲಿಗೇ.

ನನ್ನ ಕೆಲಸದ ಹೆಸರು ಸಾಫ್ಟ್‌ವೇರ್ ಆರ್ಕಿಟೆಕ್ಟ್. ಚಿಕ್ಕಮಗಳೂರು ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿ ಇದೆ. ಸುತ್ತಮುತ್ತಲಿನ ತೋಟ, ಗೋದಾಮು, ಹೋಂಸ್ಟೇಗಳಿಗೆ ತಂತ್ರಾಂಶ ಮಾಡಿಕೊಡುತ್ತೇವೆ. ಆರ್ಕಿಟೆಕ್ಟ್ ಎಂದರೆ ನಮ್ಮ ಕಡೆಯವರಿಗೆ ಮನೆ ಪ್ಲಾನ್ ಹಾಕುವವರು. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು, “ನಮ್ದೊಂದು ಸೈಟ್ ಇದೆ, ಈಶಾನ್ಯಕ್ಕೆ ಬಚ್ಚಲು ಬಂದ್ರೆ ಎಂತ ಆಗ್ತದೆ, ನೋಡಿ ಹೇಳು ಮಾರಾಯ್ತಿ” ಎಂದು ಕೇಳುತ್ತಾರೆ. ಮೊದಮೊದಲು ವಿವರಿಸುತ್ತಿದ್ದೆ. ಮಾಹಿತಿ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವುದು ಯಾವುದರ ಜೊತೆ ಸೇರಬೇಕು, ಯಾವುದು ಜನ್ಮದಲ್ಲಿ ಸೇರಕೂಡದು ಎಂದು ಕೋಡ್ ಬರೆಯುವ ಮೊದಲೇ ತೀರ್ಮಾನ ಮಾಡುವ ಕೆಲಸ ನನ್ನದು ಎನ್ನುತ್ತಿದ್ದೆ. ಕೇಳಿದವರು ಪಾಯಸ ಸುರಿಯುತ್ತ ತಲೆಯಾಡಿಸಿ, “ಹಾಂ, ಅದೇ, ಪ್ಲಾನು” ಎನ್ನುತ್ತಿದ್ದರು. ಈಗ ನಾನೂ ಈಶಾನ್ಯದ ಬಚ್ಚಲು ಬೇಡ ಎಂದು ಹೇಳಿ ಊಟ ಮುಂದುವರಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಂಪನಿಗೆ ಒಂದು ಕೆಲಸ ಹಿಡಿದುಕೊಂಡು ಬಂದವರು ಶಾರದಕ್ಕ. ಗೋಣಿಬೀಡಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ಸಣ್ಣ ಸಣ್ಣ ಕಾಫಿ ತೋಟದ ಮನೆಗಳನ್ನೆಲ್ಲ ಒಂದುಗೂಡಿಸಿ ಒಂದು ಗುಂಪು ಕಟ್ಟಿದ್ದರು. ಎಲ್ಲರಿಗೂ ಸೇರಿ ಒಂದು ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ. ಅದರ ಪಕ್ಕದಲ್ಲಿ ಒಣಗಿಸಲು ಒಂದು ಕಣ, ಒಂದು ಗೋದಾಮು. ಮನೆಗೊಂದರಂತೆ ಪಾಳಿಯ ಮೇಲೆ ಪಲ್ಪರ್ ನಡೆಸುತ್ತಿದ್ದರು. ಹೊರರಾಜ್ಯದ ಒಬ್ಬ ಖರೀದಿದಾರರು ಇವರ ಮಾಲನ್ನು ಇವರ ಊರಿನ ಹೆಸರಲ್ಲೇ ಮಾರುತ್ತೇವೆ ಎಂದು ಒಪ್ಪಿದ್ದರು. ಒಂದೇ ಷರತ್ತು: ಯಾವ ಚೀಲ ಬಿಚ್ಚಿದರೂ ಅದರಲ್ಲಿರುವುದು ಯಾರ ತೋಟದ್ದು, ಕೊಯ್ದದ್ದು ಯಾವಾಗ, ಪಲ್ಪರ್‌ಗೆ ಹೋದದ್ದು ಯಾವಾಗ ಎಂದು ತಮಗೆ ಕಾಣಬೇಕು.

“ಮನೆ ಮನೆ ಬಾಗ್ಲಿಗೆ ಹೋಗಿ ಕೈಮುಗ್ದು ಸೇರ್ಸಿದೀನಿ ಮೇಡಂ,” ಎಂದರು ಶಾರದಕ್ಕ. “ಒಬ್ಬೊಬ್ರನ್ನ ಒಪ್ಸೋಕೂ ಎಷ್ಟು ಕಾಫಿ ಕುಡ್ದಿದೀನಿ ಅಂದ್ರೆ ನಿದ್ದೇನೇ ಬತ್ತಿರ್ಲಿಲ್ಲ. ಮೊದಲ್ನೇ ಮಾಲೇ ವಾಪಸ್ ಬಂದ್ರೆ ಮುಗೀತು. ಆಮೇಲೆ ನಾನು ಕರದ್ರೆ ನಮ್ಮನೆ ನಾಯೀನೂ ಬರಲ್ಲ.”

ಅವರ ಮಾತಿನಲ್ಲಿ ನಗುವಿತ್ತು, ಭಯವೂ ಇತ್ತು. ನನಗೆ ಅವರು ಕೂಡಲೇ ಹಿಡಿಸಿದರು.

ಮಳೆ ಕಡಿಮೆಯಾಗಿ ಗಿಡದಲ್ಲಿ ಕಾಯಿ ಬಣ್ಣ ತಿರುಗುತ್ತಿದ್ದ ದಿನಗಳು. ನಾನು ವಾರಗಟ್ಟಲೆ ಆ ಊರಿಗೆ ಓಡಾಡಿದೆ. ಕಣದ ಕಟ್ಟೆಯ ಮೇಲೆ ಕೂತು, ಯಾರು ಏನು ತರುತ್ತಾರೆ, ಎಲ್ಲಿ ಇಳಿಸುತ್ತಾರೆ, ಯಾವ ಮಾತು ಆಡುತ್ತಾರೆ ಎಂದು ನೋಡಿದೆ. ನಾನು ಕಳಸದ ಕಡೆಯ ಎಸ್ಟೇಟೊಂದರಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಅಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಬರೆಯುವ ಕೆಲಸ. ಹಾಗಾಗಿ ಮಾಲಿನ ಬಗ್ಗೆ ನನಗೆ ಹೊಸದೇನೂ ಇರಲಿಲ್ಲ. ಹೊಸದಾಗಿದ್ದದ್ದು ಟವರಿನ ತೊಂದರೆ. ಅರ್ಧಕ್ಕರ್ಧ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಒಬ್ಬರ ಮನೆಯಲ್ಲಿ ಹಲಸಿನ ಮರದ ಕೆಳಗೆ ಮಾತ್ರ ಸಿಗುತ್ತದೆ, ಇನ್ನೊಬ್ಬರದ್ದು ಕೊಟ್ಟಿಗೆಯ ಹಿಂದೆ. ಆದ್ದರಿಂದ ಬರೆದದ್ದೆಲ್ಲ ಮೊದಲು ಅವರವರ ಫೋನಿನಲ್ಲೇ ಉಳಿಯಬೇಕು, ಸಿಗ್ನಲ್ ಸಿಕ್ಕಾಗ ತಾನಾಗಿ ಬಂದು ಸೇರಬೇಕು ಎಂದು ಗೊತ್ತುಮಾಡಿದೆ. ಅದು ನನ್ನ ಪ್ಲಾನಿನ ಅಡಿಪಾಯ.

ಎರಡನೆಯದು ದಾರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಿಡದಿಂದ ಕೊಯ್ದದ್ದು ಹಣ್ಣು. ಕೆಂಪಾಗಿ ಮಾಗಿದ ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ, ಸಿಪ್ಪೆ ತೆಗೆದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಮಾಗಿ ಒಣಗಿದ್ದು, ಉದುರಿದ್ದು, ಅರೆಬರೆ ಹಸಿರಿನದು, ಇವನ್ನು ಸಿಪ್ಪೆಯ ಸಮೇತ ವಾರಗಟ್ಟಲೆ ಬಿಸಿಲಿಗೆ ಹಾಕಿ ಕಪ್ಪಾಗಿ ಒಣಗಿಸಿದರೆ ಅದು ಚೆರಿ. ನಮ್ಮ ಬೆಟ್ಟಗಳಲ್ಲಿ ಚೆರಿ ಅಂದರೆ ಇದೇ. ಹಣ್ಣು ಒಂದು ಕಡೆ ಕವಲೊಡೆದು ಎರಡು ದಾರಿ ಹಿಡಿಯುತ್ತದೆ. ಪಾರ್ಚ್‌ಮೆಂಟ್ ಮತ್ತು ಚೆರಿ ಮತ್ತೆಂದೂ ಒಂದಾಗುವುದಿಲ್ಲ. ಖರೀದಿದಾರರಿಗೆ ಬೇಕಿದ್ದದ್ದು ಪಾರ್ಚ್‌ಮೆಂಟ್ ಮಾತ್ರ. ಚೆರಿಯನ್ನು ಗುಂಪಿನವರು ಬೇರೆಯಾಗಿ ಗೋದಾಮಿನಲ್ಲಿಟ್ಟು ಬೇರೆಯಾಗಿ ಮಾರುತ್ತಿದ್ದರು. ನನ್ನ ನಕ್ಷೆಯಲ್ಲಿ ಆ ಎರಡು ದಾರಿಗಳ ನಡುವೆ ದಪ್ಪ ಗೆರೆ ಎಳೆದಿದ್ದೆ.

ನಕ್ಷೆ ಮುಗಿದ ವಾರವೇ ನಮ್ಮ ಬಾಸ್ ದಿನೇಶ್ ನನ್ನನ್ನು ಅತ್ತಿಗುಂಡಿಯ ಹೋಂಸ್ಟೇಗಳ ಬುಕಿಂಗ್ ಕೆಲಸಕ್ಕೆ ಹಾಕಿದರು. ದಿನೇಶ್ ಕೆಟ್ಟವರಲ್ಲ, ಅವಸರದವರು. ಕೋಡ್ ಬರೆದು ಮುಗಿಯುವವರೆಗಾದರೂ ಇಲ್ಲಿರುತ್ತೇನೆ ಎಂದು ನಾನು ಹಟ ಮಾಡಿದೆ.

“ಪ್ಲಾನ್ ಹಾಕಾಯ್ತಲ್ಲ. ಇನ್ನೇನಿದೆ ನಿಮಗಲ್ಲಿ?” ಎಂದರು. “ಮನೆ ಕಟ್ಟುವಾಗ ಎಂಜಿನಿಯರ್ ಸುಣ್ಣ ಹೊಡೆಯೋವರೆಗೂ ನಿಲ್ತಾನಾ?”

“ಮನೆ ನಿಂತಲ್ಲೇ ನಿಲ್ಲುತ್ತೆ ಸರ್. ಇದರಲ್ಲಿ ದಿನಾ ಒಂದು ಗೋಡೆ ಜರುಗುತ್ತೆ.”

“ಕೋಡ್ ಬರೆಯೋದನ್ನ ಪ್ರವೀಣ್ ನೋಡ್ಕೋತಾನೆ ಬಿಡಿ” ಎಂದು ಅವರು ಫೋನ್ ಎತ್ತಿಕೊಂಡರು. ನಾನು ಬೈದುಕೊಳ್ಳುತ್ತ ಗಿರಿ ಹತ್ತಿದೆ.

ಅತ್ತಿಗುಂಡಿಯಲ್ಲಿ ಆ ಡಿಸೆಂಬರ್ ಚಳಿ ಹೇಳತೀರದು. ಹೋಂಸ್ಟೇ ಮಾಲೀಕರು ಒಬ್ಬೊಬ್ಬರೂ ತಮ್ಮ ಕೋಣೆಯ ಚಿತ್ರ ಮೊದಲು ಬರಬೇಕೆಂದು ಜಗಳವಾಡುತ್ತಿದ್ದರು. ಮಂಜಿನಲ್ಲಿ ಕೂತು ಅವರ ಪಂಚಾಯಿತಿ ಕೇಳುವಾಗಲೂ ನನಗೆ ಕಣದ ಕಟ್ಟೆಯದೇ ಯೋಚನೆ. ನಾನು ಎಳೆದ ಗೆರೆಗಳನ್ನು ಯಾರೋ ಈಗ ಕೋಡ್ ಮಾಡುತ್ತಿದ್ದಾರೆ, ಏನು ಅರ್ಥ ಮಾಡಿಕೊಂಡರೋ ಎಂಬ ಕಳವಳ. ಮಗುವನ್ನು ಯಾರದೋ ಮನೆಯಲ್ಲಿ ಬಿಟ್ಟುಬಂದಂತೆ ಅನಿಸುತ್ತಿತ್ತು.

ಜನವರಿ ನಡುವಿನಲ್ಲಿ ಶಾರದಕ್ಕನ ಫೋನ್ ಬಂತು. ಈ ಸಲ ನಗುವಿರಲಿಲ್ಲ.

“ಪ್ಲಾನ್ ಹಾಕಿಕೊಟ್ಟು ಹೋದ್ರಲ್ಲ ಮೇಡಂ, ಮನೆ ಸೋರ್ತಾ ಇದೆ. ಬಂದು ನೋಡ್ತೀರಾ?”

ಆದದ್ದಿಷ್ಟು. ಖರೀದಿದಾರರು ತಮ್ಮ ಊರಿನಲ್ಲಿ ಕೂತು ತಂತ್ರಾಂಶದ ವರದಿ ತೆರೆದು ನೋಡಿದ್ದರು. ಅದರಲ್ಲಿ ಚಂದ್ರಣ್ಣನ ತೋಟದ ಮಾಲು ಕೊಯ್ದ ಎಷ್ಟೋ ವಾರಗಳ ನಂತರ ಪಲ್ಪರ್‌ಗೆ ಹೋಗಿದೆ ಎಂದಿತ್ತು. ಕೊಯ್ದ ದಿನವೇ ಪಲ್ಪರ್‌ಗೆ ಹೋಗಬೇಕಾದದ್ದು ವಾರಗಟ್ಟಲೆ ಬಿದ್ದಿದ್ದರೆ ಅದು ಕೊಳೆತ ಹಣ್ಣು. ಕೊಳೆತದ್ದು ಬೆರೆತಿದ್ದರೆ ಇಡೀ ಮಾಲು ಬೇಡ ಎಂದು ಅವರು ಶಾರದಕ್ಕನಿಗೆ ಹೇಳಿದ್ದರು. ಮುಂದಿನ ವಾರ ಅವರ ಕಡೆಯವರು ಬಂದು ನೋಡಿ ತೀರ್ಮಾನ ಮಾಡುವುದಿತ್ತು.

ಚಂದ್ರಣ್ಣನ ಮನೆ ಕಣದ ಎದುರಿಗೇ, ರಸ್ತೆ ದಾಟಿದರೆ ಸಿಗುತ್ತದೆ. ಐವತ್ತು ದಾಟಿದ ಮನುಷ್ಯ, ಜೋರು ದನಿ, ಗುಂಪಿಗೆ ಮೊದಲು ಸೇರಿದವನು. ಪಲ್ಪರ್ ಕೂರಿಸುವಾಗ ಕಾಂಕ್ರೀಟಿಗೆ ನೀರು ಹೊತ್ತವನು. ಒಂದು ದಿನದ ಪಾಳಿಯಲ್ಲಿ ಅವನೊಬ್ಬನೇ ಪಲ್ಪರ್ ನಡೆಸಿದ್ದನಂತೆ. ಅಷ್ಟು ಸಾಕಾಯಿತು. ಅವತ್ತೇ ಹಳೇ ಹಣ್ಣು ಸುರಿದಿದ್ದಾನೆ ಎಂದು ಮಾತು ಹುಟ್ಟಿತು. ಕಣದಲ್ಲಿ ಎಲ್ಲರ ಎದುರು ಅದನ್ನು ಆಡಿದವನು ಅವನ ಭಾಮೈದ ರಮೇಶ, ಹೆಂಡತಿಯ ಸ್ವಂತ ತಮ್ಮ. “ಕಲಬೆರಕೆ ಮಾಡೋಕೆ ನಮ್ಮ ಪಲ್ಪರೇ ಬೇಕಿತ್ತ ಭಾವ?” ಎಂದನಂತೆ. ಚಂದ್ರಣ್ಣ ತನ್ನ ಪಾಳಿಯ ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟು, ರಸ್ತೆ ದಾಟಿ ಹೋಗಿದ್ದ.

ನಾನು ಅತ್ತಿಗುಂಡಿಯಿಂದ ಫೋನ್ ಮಾಡಿ ಹೋಗುತ್ತಿದ್ದೇನೆ ಎಂದು ದಿನೇಶರಿಗೆ ಹೇಳಿದೆನೇ ಹೊರತು, ಹೋಗಲೇ ಎಂದು ಕೇಳಲಿಲ್ಲ. ಚಿಕ್ಕಮಗಳೂರಿಗಿಳಿದು ಪ್ರವೀಣನನ್ನು ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆ. ಪ್ರವೀಣ ದಾವಣಗೆರೆಯವನು, ಚುರುಕು ಹುಡುಗ, ಬರೆದ ಕೋಡ್ ಅಚ್ಚುಕಟ್ಟು. ನಾವು ಹೋಗಿ ಇಳಿಯುವುದಕ್ಕೂ ಆಕಾಶ ಕಪ್ಪಾಗುವುದಕ್ಕೂ ಸರಿಹೋಯಿತು. ಜನವರಿಯ ಅಕಾಲದ ಮೋಡ. ಕಣದ ತುಂಬ ಒಣಗಲು ಹಾಕಿದ ಪಾರ್ಚ್‌ಮೆಂಟ್. ಹೆಂಗಸರು ಗಂಡಸರು ಎಲ್ಲ ಓಡಿಬಂದು ರಾಶಿ ಎಳೆದು ಟಾರ್ಪಾಲು ಹೊದಿಸತೊಡಗಿದರು. ನಾವೂ ಒಂದೊಂದು ತುದಿ ಹಿಡಿದೆವು. ಗಾಳಿಗೆ ಟಾರ್ಪಾಲು ಹಾರುತ್ತಿತ್ತು, ಇನ್ನೊಂದು ಜೊತೆ ಕೈ ಬೇಕಿತ್ತು. ಎದುರಿನ ಜಗಲಿಯ ಮೇಲೆ ಚಂದ್ರಣ್ಣ ಕಂಬ ಹಿಡಿದು ನಿಂತಿದ್ದ. ನಮ್ಮನ್ನೇ ನೋಡುತ್ತಿದ್ದ, ಬರಲಿಲ್ಲ. ಶಾರದಕ್ಕ ಒಮ್ಮೆ ಆ ಕಡೆ ನೋಡಿ ಮುಖ ತಿರುಗಿಸಿಕೊಂಡರು. ಮಳೆ ನಾಲ್ಕು ಹನಿ ಬಿದ್ದು ಹೋಯಿತು.

ಪಲ್ಪರ್ ಮನೆಯ ಒಳಗೆ ಕೂತು ಲ್ಯಾಪ್‌ಟಾಪ್ ತೆರೆದೆ. ಬಹಳ ಹುಡುಕಬೇಕಾಗಲಿಲ್ಲ. ನನ್ನ ನಕ್ಷೆಯಲ್ಲಿ ಹಣ್ಣು ಒಂದು ಚೌಕ, ಪಾರ್ಚ್‌ಮೆಂಟ್ ಒಂದು ಚೌಕ, ಚೆರಿ ಒಂದು ಚೌಕ. ಪ್ರವೀಣನ ಕೋಡಿನಲ್ಲಿ ಇದ್ದದ್ದು ಎರಡೇ. ಹಣ್ಣು ಮತ್ತು ಚೆರಿ ಒಂದಾಗಿಬಿಟ್ಟಿದ್ದವು.

“ಇದೇನು ಪ್ರವೀಣ್?”

ಅವನು ನೋಡಿ ಸಹಜವಾಗಿ ಹೇಳಿದ: “ಚೆರ್ರಿ ಅಂದ್ರೆ ಹಣ್ಣೇ ಅಲ್ವಾ ಮೇಡಂ? ನೆಟ್‌ನಲ್ಲಿ ಎಲ್ಲಿ ನೋಡಿದ್ರೂ ಹಂಗೇ ಇದೆ. ನೀವು ಒಂದನ್ನೇ ಎರಡು ಸಲ ಬರ್ದಿದೀರಿ ಅನ್ಕೊಂಡೆ. ಕೇಳೋಣ ಅಂದ್ರೆ, ಅವರನ್ನ ಈಗ ಎಳೀಬೇಡ, ಬೇರೆ ಕೆಲಸದಲ್ಲಿದಾರೆ ಅಂದ್ರು ದಿನೇಶ್ ಸರ್.”

ಅವನು ಹೇಳಿದ್ದು ಸುಳ್ಳಲ್ಲ. ಹೊರಗಿನ ಪ್ರಪಂಚದಲ್ಲಿ ಚೆರ್ರಿ ಅಂದರೆ ಗಿಡದ ಹಸಿ ಹಣ್ಣೇ. ನಮ್ಮ ಬೆಟ್ಟದಲ್ಲಿ ಮಾತ್ರ ಅದು ಸಿಪ್ಪೆ ಸಮೇತ ಒಣಗಿದ ಮಾಲು. ಒಂದೇ ಪದ, ಒಂದು ದಾರಿಯ ಮೊದಲು, ಇನ್ನೊಂದು ದಾರಿಯ ಕೊನೆ. ಆ ವರ್ಷ ಚಂದ್ರಣ್ಣನಿಗೆ ಕೊಯ್ಲಿಗೆ ಆಳು ಸಿಕ್ಕಿರಲಿಲ್ಲ. ಕೆಳಗಿನ ತಾಕಿನ ಹಣ್ಣು ಗಿಡದಲ್ಲೇ ಒಣಗಲು ಶುರುವಾದಾಗ ಸಿಕ್ಕಿದ್ದನ್ನೆಲ್ಲ ಉದುರಿಸಿ, ಮನೆಯಂಗಳದಲ್ಲಿ ಒಣಗಿಸಿ, ಎಲ್ಲರಿಗಿಂತ ಮೊದಲು ಗೋದಾಮಿಗೆ ತಂದಿದ್ದ. ಪ್ರಾಮಾಣಿಕವಾಗಿ ಫೋನಿನಲ್ಲಿ ‘ಚೆರಿ’ ಎಂದು ಒತ್ತಿದ್ದ, ಕೊಯ್ದ ದಿನವನ್ನೂ ಹಾಕಿದ್ದ. ತಂತ್ರಾಂಶ ಅದನ್ನು ಹಸಿ ಹಣ್ಣೆಂದು ತಿಳಿದು, ಗೋದಾಮಿಗೆ ಬಂದ ದಿನವನ್ನೇ ಪಲ್ಪರ್‌ಗೆ ಹೋದ ದಿನವೆಂದು ಲೆಕ್ಕ ಕಟ್ಟಿತ್ತು. ಬೇರೆಯವರ ಚೆರಿ ಇನ್ನೂ ಅಂಗಳದಲ್ಲಿ ಒಣಗುತ್ತಿತ್ತು. ಹಾಗಾಗಿ ಹೆಸರು ಬಂದದ್ದು ಅವನೊಬ್ಬನದೇ.

“ಟೆಸ್ಟಿಂಗ್ ಮಾಡಿದ್ವಲ್ಲ ಮೇಡಂ, ಎಲ್ಲ ಪಾಸಾಗಿತ್ತು” ಎಂದ ಪ್ರವೀಣ ಮೆಲ್ಲಗೆ.

ಆಗುತ್ತದೆ. ಟೆಸ್ಟಿಗೆ ಬೇಕಾದ ಸುಳ್ಳು ಮಾಹಿತಿಯನ್ನು ಹುಟ್ಟಿಸಿದವನೂ ಅವನೇ. ಚೆರಿ ಹಣ್ಣೆಂದು ನಂಬಿದವನು ಕೊಟ್ಟ ಪರೀಕ್ಷೆಯಲ್ಲಿ, ಚೆರಿ ಹಣ್ಣೆಂದು ಬರೆದ ಕೋಡ್ ಪಾಸಾಗದೆ ಇನ್ನೇನಾಗುತ್ತದೆ? ಇದನ್ನೇ ನಾನು ದಿನೇಶರಿಗೆ ಹೇಳಲು ಒದ್ದಾಡಿದ್ದು. ವಿನ್ಯಾಸ ಎನ್ನುವುದು ಮೊದಲ ತಿಂಗಳು ಮುಗಿಸಿ ಫ್ರೇಮು ಹಾಕಿಸುವ ಚಿತ್ರವಲ್ಲ. ಕೋಡ್ ಬರೆಯುವಾಗ ಅದು ಪಕ್ಕದಲ್ಲಿ ಕೂತಿರಬೇಕು, ಟೆಸ್ಟ್ ಮಾಡುವಾಗ ಕೂತಿರಬೇಕು, ಜನ ಬಳಸಲು ಶುರುಮಾಡಿದ ಮೇಲಂತೂ ಎದ್ದು ಹೋಗಲೇಬಾರದು. ಪ್ರವೀಣನ ಮೇಲೆ ರೇಗಲು ಬಾಯಿ ತೆರೆದೆ, ಅವನ ಮುಖ ನೋಡಿ ನೀರಿನ ಬಾಟಲಿಯನ್ನು ಅವನ ಕಡೆ ಸರಿಸಿದೆ. ಹುಡುಗ ಬೆವರುತ್ತಿದ್ದ.

ಶಾರದಕ್ಕನನ್ನು ಕರೆದು ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಗೋದಾಮಿನ ಬೀಗ ತೆಗೆದು ಒಳಗೆ ಹೋದರು. ಮೂಲೆಯಲ್ಲಿ ಚಂದ್ರಣ್ಣನ ಚೀಲಗಳು ಜೋಡಿಸಿದಂತೆಯೇ ಇದ್ದವು. ಒಂದರ ಬಾಯಿ ಬಿಚ್ಚಿ ಕೈಹಾಕಿ ಹಿಡಿ ತುಂಬ ತೆಗೆದರು. ಒಣಗಿದ ಕಪ್ಪು ಚೆರಿ ಅಂಗೈಯಲ್ಲಿ ಗಲಗಲ ಎಂದಿತು. “ಇಲ್ಲೇ ಇತ್ತಲ್ಲ ಮಾರಾಯ್ತಿ, ಇಲ್ಲೇ ಇತ್ತಲ್ಲ” ಎಂದು ನನಗೋ ತಮಗೋ ಹೇಳಿಕೊಂಡರು. ನನ್ನನ್ನು ಮೇಡಂ ಎನ್ನುವುದನ್ನು ಅವರು ಬಿಟ್ಟದ್ದು ಅವತ್ತು.

ಆ ಸಂಜೆಯೇ ನಾವು ಮೂವರೂ ರಸ್ತೆ ದಾಟಿ ಚಂದ್ರಣ್ಣನ ಜಗಲಿಗೆ ಹೋದೆವು. ಅವನ ಹೆಂಡತಿ ಚಾಪೆ ಹಾಸಿ ಕಾಫಿ ಕೊಟ್ಟಳು. ನಾನು ಆದದ್ದನ್ನೆಲ್ಲ ಹೇಳಿದೆ, ತಪ್ಪು ತಂತ್ರಾಂಶದ್ದು, ನಿಮ್ಮದಲ್ಲ, ವರದಿಯನ್ನು ಸರಿಮಾಡುತ್ತೇವೆ ಎಂದೆ. ಚಂದ್ರಣ್ಣ ಮುಗಿಯುವವರೆಗೂ ಕೇಳಿದ. ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

“ಮಿಷನ್ ತಪ್ಪು ಅಂತೀರ,” ಎಂದ. “ಆಗ್ಲಿ. ಮಿಷನ್‌ಗೆ ನಾನು ಯಾರು ಅಂತ ಗೊತ್ತಿಲ್ಲ. ನಿಮ್ಗೂ ಗೊತ್ತಿಲ್ಲ, ನೀವು ಹೊರಗ್ನೋರು. ಇವ್ರಿಗೆಲ್ಲ ಗೊತ್ತಿತ್ತಲ್ಲ? ಚೀಲ ಗೋದಾಮಲ್ಲೇ ಇತ್ತು. ಒಬ್ರಾದ್ರೂ ಹೋಗಿ ಬಿಚ್ಚಿ ನೋಡಿದ್ರ ಶಾರದಾ? ಫೋನ್ ನೋಡಿದ್ರಿ, ನನ್ನ ಮುಖ ನೋಡಿದ್ರಿ, ಚೀಲ ನೋಡ್ಲಿಲ್ಲ.”

ಶಾರದಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಕೋಡಿನ ಸಾಲನ್ನು ನಾನು ಸರಿಮಾಡಬಲ್ಲೆ. ಭಾಮೈದ ಕಣದಲ್ಲಿ ಆಡಿದ ಮಾತನ್ನು ಯಾವ ಅಪ್‌ಡೇಟ್ ಕಳಿಸಿ ವಾಪಸ್ ತರಲಿ?

ಹೊರಡುವಾಗ ಚಂದ್ರಣ್ಣನೇ ಮೆಟ್ಟಿಲವರೆಗೆ ಬಂದ. “ಪ್ಲಾನು ಪ್ಲಾನು ಅಂತೀರಲ್ಲ, ಎಲ್ಲಿದೆ ಅದು?”

“ಇದರಲ್ಲಿದೆ” ಎಂದು ಲ್ಯಾಪ್‌ಟಾಪ್ ಚೀಲ ಮುಟ್ಟಿದೆ.

“ಅಲ್ಲಿದ್ರೆ ನಮ್ಗೆ ಎಂತ ಪ್ರಯೋಜ್ನ? ನನ್ನ ಮಾಲು ಯಾವ ದಾರೀಲಿ ಹೋಗ್ತದೆ ಅಂತ ನನ್ಗೂ ಕಾಣ್ಬೇಕು, ಅವ್ರಿಗೂ ಕಾಣ್ಬೇಕು. ಪಲ್ಪರ್ ಮನೆ ಗೋಡೆ ಮೇಲೆ ಹಾಕಿ. ಹಾಕಿದ್ರೆ ಮುಂದಿನ ಮಾತು.”

ಆ ವಾರವನ್ನು ನಾನು ಮರೆಯಲಾರೆ. ಪದವನ್ನು ಬೇರೆ ಮಾಡುವುದು ಸುಲಭವಿತ್ತು, ಪ್ರವೀಣ ಒಂದು ಬೆಳಿಗ್ಗೆಯಲ್ಲಿ ಮುಗಿಸಿದ. ಆದರೆ ಅಷ್ಟರಲ್ಲಾಗಲೇ ಬರೆದದ್ದು ಎಲ್ಲರ ಫೋನಿನಲ್ಲೂ ಕೂತಿತ್ತು. ಕೆಲವರು ಪ್ರವೀಣ ಹೇಳಿಕೊಟ್ಟಂತೆ ಹಸಿ ಹಣ್ಣಿಗೂ ಚೆರಿ ಎಂದೇ ಒತ್ತಿದ್ದರು. ಮಿಕ್ಕವರು, ನಮ್ಮ ಕಡೆಯ ರೂಢಿಯಂತೆ, ಅಂಗಳದಲ್ಲಿ ಒಣಗಲು ಹಾಕಿದ್ದಕ್ಕೆ ಮಾತ್ರ ಚೆರಿ ಎಂದು ಒತ್ತಿದ್ದರು. ಯಾವುದು ಯಾವ ಅರ್ಥದ್ದು ಎಂದು ಯಂತ್ರ ಹೇಳಲಾರದು, ಬರೆದವರೇ ಹೇಳಬೇಕು. ಶಾರದಕ್ಕನ ಜೀಪಿನಲ್ಲಿ ಮನೆ ಮನೆಗೆ ಹೋದೆವು. ಹಲಸಿನ ಮರದ ಕೆಳಗೆ, ಕೊಟ್ಟಿಗೆಯ ಹಿಂದೆ ನಿಂತು ಒಂದೊಂದು ಸಾಲನ್ನೂ ತೋರಿಸಿ, “ಇದು ಹಣ್ಣೋ ಚೆರಿಯೋ?” ಎಂದು ಕೇಳಿದೆವು. ಒಬ್ಬ ಅಜ್ಜಿ, “ಅಷ್ಟೂ ಗೊತ್ತಾಗದೇ ಇದ್ರೆ ನೀವು ಎಂತ ಓದಿದ್ದು?” ಎಂದು ಪ್ರವೀಣನನ್ನು ಛೇಡಿಸಿ, ಅವನ ತಟ್ಟೆಗೆ ಇನ್ನೆರಡು ಕಡುಬು ಹಾಕಿದರು. ಅವನು ತಿಂದ. ಮುಂದಿನ ಮನೆಯಿಂದ ಪ್ರಶ್ನೆಯನ್ನು ಅವನೇ ಕೇಳತೊಡಗಿದ.

ದಿನೇಶ್ ಫೋನ್ ಮೇಲೆ ಫೋನ್ ಮಾಡಿದರು. ಅತ್ತಿಗುಂಡಿಯವರು ಕಾಯುತ್ತಿದ್ದಾರೆ, ನಿಮ್ಮ ಕೆಲಸ ಅಲ್ಲಿ ಮುಗಿದಿದೆ ಎಂದರು. ಮಾಲು ಚೀಲ ತುಂಬಿ ಲಾರಿ ಹತ್ತುವವರೆಗೆ ನಾನು ಬರುವುದಿಲ್ಲ, ಬೇಕಿದ್ದರೆ ರಜೆ ಎಂದು ಬರೆದುಕೊಳ್ಳಿ ಎಂದೆ. “ನೀವು ಹಟಮಾರಿ” ಎಂದರು. ಹೌದು ಎಂದೆ.

ಗೋಡೆಯ ಕೆಲಸವೂ ಆಯಿತು. ಪಲ್ಪರ್ ಮನೆಯ ಒಳಗೋಡೆಗೆ ಸುಣ್ಣ ಹೊಡೆಸಿ, ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದಲ್ಲಿ ನಾನೇ ಬರೆದೆ. ಮೇಲೆ ಹಣ್ಣು. ಅಲ್ಲಿಂದ ಒಂದು ಗೆರೆ ಪಲ್ಪರ್‌ಗೆ, ತೊಟ್ಟಿಗೆ, ಕಣಕ್ಕೆ, ಪಾರ್ಚ್‌ಮೆಂಟ್ ಚೀಲಕ್ಕೆ. ಇನ್ನೊಂದು ಗೆರೆ ಮನೆಯಂಗಳಕ್ಕೆ, ಅಲ್ಲಿಂದ ಗೋದಾಮಿನ ಚೆರಿ ಚೀಲಕ್ಕೆ. ನಡುವೆ ಉದ್ದಕ್ಕೂ ಒಂದು ದಪ್ಪ ಪಟ್ಟಿ. ಬರೆಯುವಾಗ ಹಿಂದೆ ಜನ ಸೇರಿದರು. ತೊಟ್ಟಿಯಲ್ಲಿ ತೇಲುವ ಜೊಳ್ಳು ಹಣ್ಣನ್ನು ತೆಗೆದು ಒಣಗಿಸುತ್ತೇವಲ್ಲ, ಅದಕ್ಕೊಂದು ಗೆರೆ ಎಲ್ಲಿ ಎಂದು ಒಬ್ಬರು ಕೇಳಿದರು. ಅದು ಬಿಟ್ಟುಹೋಗಿತ್ತು, ಹಾಕಿದೆ. ಪ್ರವೀಣ ಅಲ್ಲೇ ನಿಂತು ಅದನ್ನು ಕೋಡಿಗೂ ಸೇರಿಸಿಕೊಂಡ. ಬಾಗಿಲಿನಿಂದ ನೋಡಿದರೆ ಎದುರಿನ ಜಗಲಿಯ ಮೇಲೆ ಚಂದ್ರಣ್ಣ ಎದ್ದು ನಿಂತಿದ್ದ, ಆದರೆ ರಸ್ತೆ ದಾಟಲಿಲ್ಲ.

ಖರೀದಿದಾರರ ಕಡೆಯವರು ಬರುವ ಹಿಂದಿನ ದಿನ ರಮೇಶ ತನ್ನ ಜೀಪನ್ನು ಭಾವನ ಅಂಗಳಕ್ಕೆ ಹಿಂದುಹಿಂದಾಗಿ ತಂದು ನಿಲ್ಲಿಸಿದ. ಕ್ಷಮೆ ಎಂಬ ಪದ ಅವನ ಬಾಯಲ್ಲಿ ಬರಲಿಲ್ಲ. ಅದು ನಮ್ಮ ಕಡೆ ಅಷ್ಟು ಸುಲಭವಾಗಿ ಬರುವುದೂ ಇಲ್ಲ. “ಮೇಲಿನ ತಾಕಿನ ಹಣ್ಣು ಇನ್ನೂ ಗಿಡದಲ್ಲಿದೆಯಲ್ಲ ಭಾವ. ನಮ್ಮಾಳುಗಳನ್ನ ಕರ್ಕೊಂಡು ಬಂದಿದೀನಿ, ಕೊಯ್ಸಾಣ” ಎಂದ. ಚಂದ್ರಣ್ಣ ಬಹಳ ಹೊತ್ತು ಎಲೆಯಡಿಕೆ ಅಗಿದ. ಆಮೇಲೆ ಒಳಗೆ ತಿರುಗಿ ಹೆಂಡತಿಗೆ, “ಬುಟ್ಟಿ ಕೊಡೇ” ಎಂದ.

ಆ ಸಂಜೆ ಆ ಕೆಂಪು ಹಣ್ಣು ಪಲ್ಪರ್‌ಗೆ ಬಂತು. ಚಂದ್ರಣ್ಣ ಗೋಡೆಯ ಎದುರು ನಿಂತು ಬೆರಳಿನಿಂದ ಗೆರೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಹೋದ. ಮಾರನೆಯ ದಿನ ಬಂದವರೂ ಹಾಗೆಯೇ ಮಾಡಿದರು, ಗೋದಾಮಿಗೆ ಹೋಗಿ ಚೀಲಗಳನ್ನೂ ಬಿಚ್ಚಿಸಿ ನೋಡಿದರು, ತಿದ್ದಿದ ವರದಿಯನ್ನು ಗೋಡೆಯ ಜೊತೆ ಹೋಲಿಸಿದರು. ಮಾಲು ಹೋಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ದಿನಗಳಲ್ಲಿ ಲಾರಿ ಹೊರಟಿತು, ನಾನು ಅದು ತಿರುವು ದಾಟುವವರೆಗೆ ನಿಂತು ನೋಡಿ ಅತ್ತಿಗುಂಡಿಗೆ ಹೋದೆ. ಶಾರದಕ್ಕನ ಗುಂಪು ಒಡೆಯಲಿಲ್ಲ. ಚಂದ್ರಣ್ಣ ಮತ್ತು ರಮೇಶ ಮೊದಲಿನಷ್ಟು ಮಾತಾಡಲು ಇನ್ನೊಂದು ಮಳೆಗಾಲ ಬೇಕಾಯಿತಂತೆ.

ಇದೆಲ್ಲ ನೆನಪಾಗುತ್ತಿದ್ದ ಹಾಗೆ ಬಸ್ಸು ಮೂಡಿಗೆರೆ ದಾಟಿತು. ಗೋಣಿಬೀಡಿನಲ್ಲಿ ಇಳಿದೆ. ಶಾರದಕ್ಕ ಜೀಪು ತಂದಿದ್ದರು, ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. “ಈ ಸಲ ಸೋರೋಕೆ ಮೊದಲೇ ಕರ್ದಿದೀನಿ” ಎಂದು ನಕ್ಕರು. ಅವರೀಗ ಹೊಸ ಬಗೆಯ ಮಾಲು ಮಾಡಲು ಹೊರಟಿದ್ದಾರೆ. ಸಿಪ್ಪೆ ತೆಗೆದ ಮೇಲೆ ಬೀಜವನ್ನು ತೊಳೆಯದೆ, ಅಂಟು ಅಂಟಾಗಿರುವಾಗಲೇ ಒಣಗಿಸುವುದು. ಹೊರಗಿನವರು ಅದನ್ನು ಹನಿ ಎನ್ನುತ್ತಾರೆ, ಜೇನಿಗೆ ಇಂಗ್ಲಿಷಿನವರ ಹೆಸರು.

ಪಲ್ಪರ್ ಮನೆಗೆ ಹೋದರೆ ಮೂರು ಗೋಡೆಗಳಿಗೆ ಹೊಸ ಸುಣ್ಣವಾಗಿತ್ತು. ನಾಲ್ಕನೆಯದನ್ನು ಹಾಗೆಯೇ ಬಿಟ್ಟಿದ್ದರು. ನನ್ನ ಹಸಿರು ಗೆರೆಗಳು ಮಾಸಿದ್ದವು, ಪಕ್ಕದಲ್ಲಿ ಬೇರೆ ಬೇರೆ ಕೈಬರಹದಲ್ಲಿ ಹೊಸ ಗೆರೆಗಳು ಸೇರಿದ್ದವು. ರೊಬಸ್ಟಾ ಕಾಫಿಗೊಂದು, ಮೆಣಸಿಗೊಂದು. ಪ್ರವೀಣನ ಅಕ್ಷರವೂ ಒಂದು ಕಡೆ ಇತ್ತು. ಅವನು ಪ್ರತಿ ಕೊಯ್ಲಿಗೂ ಬಂದು ಹೋಗುತ್ತಾನಂತೆ. ಇಷ್ಟು ವರ್ಷ ನಾನು ಎಷ್ಟೋ ನಕ್ಷೆ ಬರೆದಿದ್ದೇನೆ, ಎಲ್ಲ ಯಾವುದೋ ಕಂಪ್ಯೂಟರಿನೊಳಗೆ ಮಲಗಿವೆ. ಈ ಗೋಡೆ ನೋಡಿ ನನಗೆ ತುಂಬ ಸಂತೋಷವಾಯಿತು.

ಚಂದ್ರಣ್ಣ ಒಳಗೆ ಬಂದ. ನಡಿಗೆ ನಿಧಾನವಾಗಿದೆ, ದನಿ ಮಾತ್ರ ಹಾಗೇ ಇದೆ. ನನ್ನ ಕೈಗೆ ಸೀಮೆಸುಣ್ಣದ ಕಡ್ಡಿ ಕೊಟ್ಟು, “ಪ್ಲಾನ್ ಮೇಡಂ ಬಂದ್ರಲ್ಲ. ಈ ಹನಿ ಎಲ್ಲಿ ಬರ್ತದೆ, ಬರೀರಿ ನೋಡಾಣ” ಎಂದ.

ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ಬರೆಯುವ ಮೊದಲು ತಿರುಗಿ ಕೇಳಿದೆ: “ಹನಿ ಅಂದ್ರೆ ಯಾವುದು, ಒಬ್ಬೊಬ್ರೇ ಹೇಳಿ.”

“ಜೇನು ಹಾಕೋದಲ್ವ?” ಎಂದ ರಮೇಶ. ಅಂಟಿಗೇ ಹನಿ ಅನ್ನೋದು ಎಂದರು ಶಾರದಕ್ಕ. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು, ಕಣದಲ್ಲಿ ಹನಿ ಬಿದ್ದು ನೆಂದ ಮಾಲು ಅಂತ ನಾನಂದ್ಕೊಂಡಿದ್ದೆ, ಅದನ್ಯಾಕೆ ದುಡ್ಡು ಕೊಟ್ಟು ತಗೋತಾರೆ ಅಂತ ಯೋಚ್ನೆ ಮಾಡ್ತಿದ್ದೆ ಎಂದಳು. ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಯಾವುದು ಸರಿ ಎಂದು ಅವರವರಲ್ಲೇ ವಾದ ಶುರುವಾಯಿತು.

ನಾನು ಸೀಮೆಸುಣ್ಣವನ್ನು ಕೆಳಗಿಟ್ಟು, ಖಾಲಿ ಗೋಣಿಚೀಲ ಹಾಸಿಕೊಂಡು ಗೋಡೆಗೆ ಒರಗಿ ಕೂತೆ. ಚಂದ್ರಣ್ಣ ನನ್ನನ್ನೊಮ್ಮೆ ನೋಡಿದ. ಆಮೇಲೆ ಬಾಗಿಲಿಗೆ ಹೋಗಿ, ರಸ್ತೆಯಾಚೆಯ ತನ್ನ ಮನೆಯ ಕಡೆ ತಿರುಗಿ ಕೂಗಿದ:

“ಇನ್ನೊಂದು ಪಾವು ಅಕ್ಕಿ ಹಾಕೇ. ಮೇಡಂ ಇವತ್ತು ಹೋಗಲ್ಲ.”